ಶ್ವಾಸನಾಳಕ್ಕೂ ಉಂಟು ಸ್ಟೆಂಟ್

‘ಸ್ಟೆಂಟ್’ ಎಂದ ಕೂಡಲೇ ನಮಗೆ ನೆನಪಾಗುವುದು ಹೃದಯದ ರಕ್ತನಾಳ. ಉಸಿರಾಡುವ ಹಾದಿಗೂ ಸ್ಟೆಂಟ್ ಅಳವಡಿಸುತ್ತಾರೆಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಗಂಟಲಿನಿಂದ ಶ್ವಾಸಕೋಶಗಳತ್ತ ಗಾಳಿ ಒಯ್ಯುವ ಕೊಳವೆಯೇ ಶ್ವಾಸನಾಳ. ವಯಸ್ಕರಲ್ಲಿ ಇದರ ಉದ್ದ ಸುಮಾರು 10ರಿಂದ 12 ಸೆಂ.ಮೀ., ಅಗಲ ಸುಮಾರು 2 ಸೆಂ.ಮೀ. ಇದು ಕುಸಿಯದಂತೆ 16ರಿಂದ 20 ಮೃದ್ವಸ್ಥಿ ಉಂಗುರಗಳು ಹಿಡಿದಿಟ್ಟಿರುತ್ತವೆ. ಕ್ಯಾನ್ಸರ್ ಗಡ್ಡೆ ಅಥವಾ ಕ್ಷಯದಿಂದ ಈ ನಾಳ ಕಿರಿದಾಗಬಹುದು. ಕೃತಕ ಉಸಿರಾಟದ ನಳಿಕೆ ಬಹುದಿನ ಒಳಗಿದ್ದರೆ ಅದು ಒತ್ತಿದ ಜಾಗದಲ್ಲಿ ಹುಣ್ಣಾಗಿ, ಮಾಯುವಾಗ ಕಲೆಗಟ್ಟಿಯೂ ನಾಳ ಇಕ್ಕಟ್ಟಾಗುತ್ತದೆ. ಆಗ ಉಸಿರೆಳೆದುಕೊಳ್ಳುವಾಗ ‘ಗೊರ ಗೊರ’ ಸದ್ದು ಬರುತ್ತದೆ. ಇದನ್ನು ಅಸ್ತಮಾ ಎಂದು ತಪ್ಪು ತಿಳಿಯುವುದೂ ಉಂಟು.

ಮೂರು ಬಗೆ

ಮೊದಲನೆಯದು ಸಿಲಿಕೋನ್ ಕೊಳವೆ. ಫ್ರಾನ್ಸಿನ ಮಾರ್ಸೇಯ ವೈದ್ಯ ಡುಮೋನ್ 1990ರಲ್ಲಿ ಪ್ರಕಟಿಸಿದ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ಜಾರದಿರಲೆಂದು ಇದರ ಹೊರಮೈಯಲ್ಲಿ ಸಣ್ಣ ಗುಬುಟುಗಳಿರುತ್ತವೆ. ಎರಡನೆಯದು ಲೋಹದ ಬಲೆ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ‘ನಿಟಿನಾಲ್’ ತಂತಿಯ ಈ ಬಲೆಯನ್ನು ಮಡಚಿ ಒಳಗೆ ಕಳುಹಿಸಿದರೆ, ಅಲ್ಲಿ ತಾನೇ ಅರಳಿಕೊಳ್ಳುತ್ತದೆ. ಇದು ಬರಿದಾಗಿಯೂ ಇರಬಹುದು, ಹೊದಿಕೆಯೊಂದಿಗೂ ಇರಬಹುದು. ಮೂರನೆಯದು, ಕರಗುವ ಹೊಲಿಗೆ ದಾರದ ವಸ್ತುವಾದ ಪಾಲಿಡಯಾಕ್ಸನೋನ್‌ನಿಂದ ಹೆಣೆದದ್ದು. ಕೆಲವು ತಿಂಗಳಲ್ಲಿ ಇದು ತಾನಾಗಿಯೇ ಕರಗಿಹೋಗುತ್ತದೆ.

ಪ್ರಾಣಿಗಳಲ್ಲಿ ಹೋಲಿಕೆ

ಯಾವುದು ಮೇಲು? ಇದನ್ನು ನೇರವಾಗಿ ರೋಗಿಗಳ ಮೇಲೆ ಪ್ರಯೋಗಿಸಿ ನೋಡುವಂತಿಲ್ಲ. ಹಂದಿ, ಕುರಿಗಳ ಶ್ವಾಸನಾಳ ಗಾತ್ರದಲ್ಲಿ ವಯಸ್ಕರದನ್ನು ಹೋಲುತ್ತದೆ. ಮೊಲದ್ದು ಎಳೆಮಕ್ಕಳದಕ್ಕೆ ಹತ್ತಿರ. ಒಂದೇ ತೂಕದ ಆಸುಪಾಸಿನ ಪ್ರಾಣಿಗಳನ್ನು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಒಂದೊಂದು ಬಗೆಯ ಸ್ಟೆಂಟ್ ಇಡುತ್ತಾರೆ. ಆಗಾಗ ದೂರ್ಬೀನು ನಳಿಕೆ ಇಳಿಸಿ ನೋಡುತ್ತಾರೆ. ಕೊನೆಗೆ ನಾಳದ ಗೋಡೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ.

ಗಮನಿಸುವುದು ಮುಖ್ಯವಾಗಿ ನಾಲ್ಕು ಅಂಶ: ಸ್ಟೆಂಟ್ ಜಾರಿತೇ? ಕಫ ಕಟ್ಟಿತೇ? ಸುತ್ತ ಹೊಸ ಮಾಂಸ ಬೆಳೆಯಿತೇ? ತಂತಿ ಮುರಿಯಿತೇ?

ಪ್ರತಿಯೊಂದರಲ್ಲೂ ಒಂದು ಲಾಭ, ಒಂದು ತೊಡಕು. ಬರಿಯ ಲೋಹದ ಬಲೆ ಸುಲಭವಾಗಿ ಜಾರದು. ಆದರೆ ಅದರ ಕಣ್ಣುಗಳ ಮೂಲಕ ಮಾಂಸ ಬೆಳೆದು ಬಲೆ ಗೋಡೆಯಲ್ಲಿ ಹುದುಗಿಬಿಡುತ್ತದೆ. ಹೊದಿಕೆ ಹಾಕಿದರೆ ಈ ಬೆಳವಣಿಗೆ ನಿಲ್ಲುತ್ತದೆ, ಆದರೆ ತುದಿಗಳಲ್ಲಿ ಮಾಂಸ ಬೆಳೆಯುವುದುಂಟು. ನಾಳದ ಒಳಪದರದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಸಿಲಿಕೋನ್ ಅಥವಾ ಹೊದಿಕೆ ಅವನ್ನು ಮುಚ್ಚಿಬಿಡುವುದರಿಂದ ಅಲ್ಲಿ ಕಫ ನಿಲ್ಲುತ್ತದೆ. ನಾಳಕ್ಕಿಂತ ಅತಿ ದೊಡ್ಡದಾದ ಸ್ಟೆಂಟ್ ಗೋಡೆಯನ್ನು ಒತ್ತಿ ಗಾಯ ಮಾಡುತ್ತದೆ. ಕರಗುವ ಸ್ಟೆಂಟನ್ನು ತೆಗೆಯಬೇಕಿಲ್ಲ, ಆದರೆ ಅದರ ಬಲ ಕೆಲವೇ ವಾರಗಳದ್ದು.

ಪರೀಕ್ಷೆಯ ಮಿತಿ

ಪ್ರಯೋಗಕ್ಕೆ ಬಳಸುವ ಪ್ರಾಣಿಯ ನಾಳ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ನಿಗಾ ಇಡುವುದೂ ಕೆಲವು ವಾರ ಅಥವಾ ತಿಂಗಳು ಮಾತ್ರ. ರೋಗಿಯಾದರೋ ಕಲೆಗಟ್ಟಿದ ನಾಳದಲ್ಲಿ ಸ್ಟೆಂಟ್ ಇಟ್ಟುಕೊಂಡು ವರ್ಷಗಟ್ಟಲೆ ಕೆಮ್ಮಬೇಕು. ಲೋಹದ ಸ್ಟೆಂಟ್‌ಗಳ ನಿಜವಾದ ತೊಂದರೆ ರೋಗಿಗಳಲ್ಲೇ ಕಂಡಿತು. ಕ್ಯಾನ್ಸರ್ ಅಲ್ಲದ ಇಕ್ಕಟ್ಟಿಗೆ, ಬೇರೆಲ್ಲ ದಾರಿ ನೋಡಿದ ಮೇಲಷ್ಟೇ ಅವನ್ನು ಬಳಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2005ರಲ್ಲಿ ಎಚ್ಚರಿಸಿತು. ಹಾಕುವುದು ಸುಲಭವಾದರೂ ತೆಗೆಯುವಾಗ ನಾಳ ಹರಿಯಬಹುದು, ರಕ್ತಸ್ರಾವವಾಗಬಹುದು. ಪ್ರಾಣಿಗಳ ಬಳಕೆ ಕನಿಷ್ಠವಿರಬೇಕು, ನೋವು ಕಡಿಮೆಯಿರಬೇಕು, ಬದಲಿ ದಾರಿಯಿದ್ದರೆ ಅದನ್ನೇ ಹಿಡಿಯಬೇಕೆಂಬ ನಿಯಮಕ್ಕೂ ಸಂಶೋಧಕರು ಬದ್ಧರಾಗಿರಬೇಕು.

ನೀವು ಕೇಳಬೇಕಾದದ್ದು

ನಿಮ್ಮ ಮನೆಯವರಿಗೆ ಸ್ಟೆಂಟ್ ಸೂಚಿಸಿದರೆ, ಶಸ್ತ್ರಕ್ರಿಯೆಯಿಂದ ನಾಳ ಸರಿಪಡಿಸಲು ಸಾಧ್ಯವೇ, ಹಾಕುವ ಸ್ಟೆಂಟ್ ಯಾವ ಬಗೆಯದು, ಮುಂದೆ ತೆಗೆಯಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಕ್ಯಾನ್ಸರ್ ರೋಗಿಗೆ ತಕ್ಷಣದ ಉಸಿರೇ ದೊಡ್ಡದು. ಕಲೆಯಿಂದ ನಾಳ ಕಿರಿದಾದ ಯುವಕನಿಗೆ ಮುಂದಿನ ವರ್ಷಗಳ ಯೋಚನೆಯೂ ಬೇಕು.

ಸ್ಟೆಂಟ್ ಹಾಕಿಸಿಕೊಂಡವರು ಅದರ ಬಗೆ, ಗಾತ್ರ ಬರೆದ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಿ. ಬೇರೆ ಯಾವ ಶಸ್ತ್ರಕ್ರಿಯೆಯಾದರೂ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ. ಬೀಡಿ, ಸಿಗರೇಟು ಬೇಡವೇ ಬೇಡ. ಕಫ ಗಟ್ಟಿಯಾಗದಂತೆ ವೈದ್ಯರು ಹೇಳಿದ ಉಪ್ಪುನೀರಿನ ನೆಬ್ಯುಲೈಸರ್ ತಪ್ಪಿಸಬೇಡಿ. ಉಸಿರು ಇದ್ದಕ್ಕಿದ್ದಂತೆ ಕಟ್ಟಿದರೆ, ಕಫದಲ್ಲಿ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿ.