ದಿನಬಳಕೆಗೆ ಸಣ್ಣ ಕಾರು: ಯಾರಿಗೆ ಯಾವುದು?

ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರ, ಮೈಲುತುತ್ತಗಳ ದರ ವಿಚಾರಿಸಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ: "ಯಾವ ಕಾರು ತಗೊಳ್ಳೋದು ಮಾರಾಯ್ರೆ?" ಕಾರಣವಿಲ್ಲದೆ ಇಲ್ಲ. 2024ರಲ್ಲೂ 2025ರ ಆರಂಭದಲ್ಲೂ ಕಾಫಿಗೆ ಹಿಂದೆ ಕಾಣದಂಥ ಧಾರಣೆ ಬಂತು. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದು, ಸೆಸ್ಸೂ ಹೋಯಿತು. ನಾಲ್ಕು ಮೀಟರ್ ಉದ್ದ ಮೀರದ, 1200 ಸಿ.ಸಿ. ದಾಟದ ಪೆಟ್ರೋಲ್ ಕಾರುಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ.

ನಾವಿಲ್ಲಿ ಹೇಳುತ್ತಿರುವುದು ದೊಡ್ಡ ಎಸ್ಟೇಟಿನವರಿಗಲ್ಲ. ಮೂರು ನಾಲ್ಕು ಎಕರೆ ಕಾಫಿ, ಒಂದೆಕರೆ ಅಡಿಕೆ ತೋಟ, ಮನೆಯಲ್ಲೊಬ್ಬರು ಪೇಟೆಯ ಶಾಲೆಗೋ ಬ್ಯಾಂಕಿಗೋ ಕೆಲಸಕ್ಕೆ ಹೋಗುವ ಸಂಸಾರ. ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಸಂಜೆ ಬರುವಾಗ ಒಂದು ಮೂಟೆ ಗೊಬ್ಬರ ಹಾಕಿಕೊಂಡು ಬರುವವರು, ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ನಮ್ಮ ಕಡೆ ಕಾರೆಂದರೆ ಅಂಬಾಸಿಡರ್ ಅಥವಾ ಫಿಯೆಟ್, ತೋಟಕ್ಕಾದರೆ ಜೀಪು. ಮಾರುತಿಯ ಆ 796 ಸಿ.ಸಿ. ಪುಟ್ಟ ಗಾಡಿ ನಮ್ಮ ದರೆ ಹತ್ತುವುದೇ ಎಂದು ನಕ್ಕವರ ಮನೆಯಂಗಳದಲ್ಲೇ ಅದು ಬಂದು ನಿಂತಿತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಅಂಬಾಸಿಡರ್ ಕೂಡ ಅದೇ ವರ್ಷ ನಿಂತಿತು. ಈಗ ಸಣ್ಣ ಕಾರೆಂದರೆ ಮಾರುತಿಯ ಆಲ್ಟೊ ಕೆ10, ಎಸ್-ಪ್ರೆಸ್ಸೊ, ವ್ಯಾಗನ್ ಆರ್, ಟಾಟಾದ ಟಿಯಾಗೊ, ರೆನೊ ಕ್ವಿಡ್ ಮುಂತಾದ ಹೆಸರುಗಳು ಕೇಳಿಬರುತ್ತವೆ. ಇವುಗಳಲ್ಲಿ ಡೀಸೆಲ್ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದಾಗ ಸಣ್ಣ ಕಾರಿನ ಡೀಸೆಲ್ ಎಂಜಿನ್ನಿಗೆ ಕಾಲ ಮುಗಿಯಿತು.

ಎಲ್ಲರೂ ಮೊದಲು ಕೇಳುವುದು ಮೈಲೇಜು. ಆಲ್ಟೊ ಕೆ10ಕ್ಕೆ ಕಂಪೆನಿಯವರು ಲೀಟರಿಗೆ 24 ಕಿ.ಮೀ.ಗಿಂತ ಮೇಲೆ ಹೇಳುತ್ತಾರೆ. ಅದು ಪರೀಕ್ಷಾಗಾರದ ಲೆಕ್ಕ. ಏರು ತಿರುವುಗಳ ನಮ್ಮ ರಸ್ತೆಗೆ ಆ ಲೆಕ್ಕ ಹಿಡಿಯಬಾರದು. ಒಂದು ಕಾರು ನಮ್ಮಲ್ಲಿ 19 ಕಿ.ಮೀ., ಇನ್ನೊಂದು 16 ಕಿ.ಮೀ. ಕೊಡುತ್ತದೆ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ ಹೋಗಿಬರಲು 30 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸಿದರೆ ವರ್ಷಕ್ಕೆ 9,000 ಕಿ.ಮೀ. ಎರಡು ಕಾರುಗಳ ನಡುವಿನ ಅಂತರ 89 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ 8,900 ರೂಪಾಯಿ, ತಿಂಗಳಿಗೆ ಸುಮಾರು 740. ಸಣ್ಣ ಮೊತ್ತವಲ್ಲ, ಒಪ್ಪೋಣ. ಆದರೆ ಇದೊಂದನ್ನೇ ನೋಡಿ ಕಾರು ಆರಿಸುವಷ್ಟು ದೊಡ್ಡದೂ ಅಲ್ಲ.

ಸಾಲದ ಲೆಕ್ಕ ಬೇರೆಯೇ ಇದೆ. ಸಣ್ಣ ಕಾರು ಸಾಕಾಗುವ ಕಡೆ ನಾಲ್ಕು ಲಕ್ಷ ಹೆಚ್ಚು ಕೊಟ್ಟು ಎತ್ತರದ ದೊಡ್ಡ ಗಾಡಿ ತಂದರೆ, ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಆ ಹೆಚ್ಚುವರಿ ಹಣದ ಕಂತೇ ತಿಂಗಳಿಗೆ 8,300 ರೂಪಾಯಿ. ಬಡ್ಡಿಯೇ 98,000 ಆಗುತ್ತದೆ. ಕಂತು ತಿಂಗಳು ತಿಂಗಳು ಬರುತ್ತದೆ. ಕಾಫಿ ವರ್ಷಕ್ಕೊಂದೇ ಸಲ. ಆಷಾಢದ ಮಳೆಯಲ್ಲಿ ಬೋರ್ಡೋ ಹೊಡೆಯುವ ಆಳಿಗೆ ಕೂಲಿ ಕೊಡಬೇಕಾದ ವಾರದಲ್ಲೇ ಬ್ಯಾಂಕಿನವರ ಫೋನೂ ಬರುತ್ತದೆ. ಅಡಿಕೆಗೆ ಎಲೆಚುಕ್ಕೆ ರೋಗ ತಗುಲಿರುವ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2001-02ರ ಸುಮಾರಿಗೆ ಕಾಫಿ ಧಾರಣೆ ನೆಲ ಕಚ್ಚಿದಾಗ ಒಳ್ಳೆಯ ವರ್ಷದಲ್ಲಿ ಕೊಂಡ ಗಾಡಿಯನ್ನು ಸಿಕ್ಕಿದ ಬೆಲೆಗೆ ಮಾರಿದವರನ್ನು ನಾವು ಕಂಡಿದ್ದೇವೆ. ಸಾಲ ಮಾಡಲೇಬೇಕಾದರೆ ಕಂತನ್ನು ಫಸಲಿನ ಕಾಲಕ್ಕೆ ಹೊಂದಿಸಿ ಕೊಡುವರೇ ಎಂದು ಸಾಲ ಕೊಡುವವರನ್ನು ಮೊದಲೇ ಕೇಳಿ. ಕಾಗದಕ್ಕೆ ರುಜು ಹಾಕಿದ ಮೇಲೆ ಕೇಳಿ ಫಲವಿಲ್ಲ.

"ಆದರೆ ನಮ್ಮ ಮನೆ ದಾರಿಗೆ ಸಣ್ಣ ಕಾರು ಬರೋದಿಲ್ಲವಲ್ಲ" ಎನ್ನುವವರುಂಟು. ಈ ಮಾತನ್ನು ಸ್ವಲ್ಪ ವಿಚಾರ ಮಾಡಬೇಕು. ಆಲ್ಟೊ, ವ್ಯಾಗನ್ ಆರ್, ಟಿಯಾಗೊಗಳಲ್ಲಿ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ 165ರಿಂದ 170 ಮಿ.ಮೀ.; ಎಸ್-ಪ್ರೆಸ್ಸೊದಲ್ಲಿ 180, ಕ್ವಿಡ್‌ನಲ್ಲಿ 184. ಇದು ಖಾಲಿ ಕಾರಿನ ಅಳತೆ. ನಾಲ್ವರು ಕೂತು ಹಿಂದೆ ಗೊಬ್ಬರದ ಮೂಟೆ ಬಿದ್ದರೆ ಯಾವ ಕಾರಾದರೂ ಕುಸಿಯುತ್ತದೆ. ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡೂ ಚಕ್ರದ ಜಾಡು ಇಳಿದು ನಡುವೆ ದಿಬ್ಬ ಎದ್ದ ದಾರಿಯಲ್ಲಿ ಆ ಹದಿನೈದು ಮಿ.ಮೀ. ವ್ಯತ್ಯಾಸ ಕಾಪಾಡುವುದು ಅಷ್ಟರಲ್ಲೇ ಇದೆ.

ಹೆಚ್ಚಿನ ಮನೆಗಳ ದಾರಿಯಲ್ಲಿ ನಿಜವಾಗಿ ತೊಂದರೆ ಕೊಡುವುದು ಎರಡೋ ಮೂರೋ ಜಾಗ ಮಾತ್ರ: ದಣಪೆಯ ಹತ್ತಿರದ ತಿರುವು, ಮೋರಿಯ ಬಾಯಿ, ಕೊಟ್ಟಿಗೆಯ ಮೇಲಿನ ಏರು. ಅಲ್ಲಿ ನಡುವಿನ ದಿಬ್ಬ ಕೆತ್ತಿಸಿ, ಮಳೆನೀರಿಗೆ ಪಕ್ಕದಲ್ಲಿ ಚರಂಡಿ ಬಿಡಿಸಿ, ಕಲ್ಲು ಹಾಸಿ, ಚಕ್ರ ಓಡುವಷ್ಟು ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿದರೆ ಸಾಕು. ನಾಲ್ಕು ಲಕ್ಷದ ಮುಂದೆ ಈ ಖರ್ಚು ಏನೂ ಅಲ್ಲ. ಆಸ್ಪತ್ರೆಗೆ ಹೋಗುವ ಆಟೋ, ಫಸಲು ಒಯ್ಯುವ ಪಿಕಪ್ ಕೂಡ ಮನೆಯ ತನಕ ಬರುತ್ತವೆ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳೊಳಗೆ ಮುಗಿಸಬೇಕು, ಅಷ್ಟೆ.

ಮಕ್ಕಳನ್ನು ದಿನವೂ ಕೂರಿಸಿಕೊಂಡು ಹೋಗುವವರು ಕಾರಿನ ಗಟ್ಟಿತನವನ್ನೂ ನೋಡಬೇಕು. ಬೆಳಗಿನ ಮಂಜಿನಲ್ಲಿ ಎದುರಿಗೆ ಬರುವುದು ಬಸ್ಸು, ಮರದ ಲಾರಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಕಾರುಗಳನ್ನು ಡಿಕ್ಕಿ ಹೊಡೆಸಿ ನಡೆಸುವ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಟಿಯಾಗೊ 2020ರಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಪಡೆಯಿತು. ಎಸ್-ಪ್ರೆಸ್ಸೊ 2022ರಲ್ಲಿ ಒಂದು, 2023ರಲ್ಲಿ ವ್ಯಾಗನ್ ಆರ್ ಒಂದು, ಆಲ್ಟೊ ಕೆ10 ಎರಡು ಪಡೆದವು. 2025ರಲ್ಲಿ ಆಲ್ಟೊ, ವ್ಯಾಗನ್ ಆರ್‌ಗಳ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಬಂದಿರುವುದು ಒಳ್ಳೆಯದೇ. ಆದರೂ ಹೆಂಡತಿ ಮಕ್ಕಳೊಡನೆ ದಿನಾ ಹೆದ್ದಾರಿ ಹತ್ತುವ ಸದಸ್ಯರಿಗೆ ನಾವು ಟಿಯಾಗೊ ಎಂದೇ ಹೇಳುತ್ತೇವೆ. ಒಬ್ಬರೇ ಪೇಟೆಗೆ ಹೋಗಿಬರುವುದಾದರೆ ಆಲ್ಟೊ ಸಾಕು. ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದು, ಸಾಮಾನೂ ಹೆಚ್ಚಿದ್ದರೆ ವ್ಯಾಗನ್ ಆರ್. ಹತ್ತಿ ಇಳಿಯಲು ಎತ್ತರ ಸರಿಯಾಗಿದೆ, ಹಿಂದಿನ ಡಿಕ್ಕಿಯೂ 341 ಲೀಟರ್, ಆಲ್ಟೊದ್ದು 214. ಯಾವುದೇ ಆಗಲಿ, ಹತ್ತಿರದ ಪೇಟೆಯಲ್ಲಿ ಅದರ ಕೆಲಸ ಬಲ್ಲ ಮೆಕ್ಯಾನಿಕ್ ಇದ್ದಾನೆಯೇ, ಬಿಡಿಭಾಗ ಅಂದೇ ಸಿಗುತ್ತದೆಯೇ ಎಂದು ವಿಚಾರಿಸಿ. ಬ್ರೇಕ್ ಪ್ಯಾಡಿಗಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ದಿನದ ಕೂಲಿಯನ್ನು ಯಾರೂ ಮೈಲೇಜಿನಲ್ಲಿ ಸೇರಿಸುವುದಿಲ್ಲ. (ಅಡಿಕೆ ಸಿಪ್ಪೆ ತುಂಬಿದ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರು ಇಲಿ ವೈರು ಕಡಿಯುವ ಖರ್ಚನ್ನೂ ಸೇರಿಸಿಕೊಳ್ಳಲಿ.)

ತಾನೇ ಗೇರು ಬದಲಾಯಿಸುವ ಎ.ಎಂ.ಟಿ. ಕಾರು ಪೇಟೆಗೆ ಸುಖ. ಒಳಗಿರುವುದು ಸಾಧಾರಣ ಗೇರ್ ಪೆಟ್ಟಿಗೆಯೇ. ಕ್ಲಚ್ಚು ಒತ್ತುವ ಕೆಲಸ ಯಂತ್ರದ್ದು. ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್‌ಬ್ರೇಕ್ ಹಿಡಿಯುವುದು ಅಭ್ಯಾಸವಾಗಬೇಕು.

ವಿದ್ಯುತ್ ಕಾರಿನ ಬಗೆಗೂ ಯುವಕರು ಕೇಳುತ್ತಾರೆ. 2022ರಲ್ಲಿ ಬಂದ ಟಿಯಾಗೊ ವಿದ್ಯುತ್ ಕಾರು 19.2 ಮತ್ತು 24 ಯೂನಿಟ್ ಹಿಡಿಯುವ ಎರಡು ಬಗೆಯ ಬ್ಯಾಟರಿಯಲ್ಲಿ ಬಂತು. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ರಾತ್ರಿ ಹಾಕಿದರೆ ಬೆಳಗಾಗುವಾಗ ತುಂಬಿರುತ್ತದೆ. ದಿನಕ್ಕೆ 30 ಕಿ.ಮೀ. ಓಡುವವರಿಗೆ ಒಮ್ಮೆ ತುಂಬಿಸಿದ್ದು ಎರಡು ಮೂರು ದಿನಕ್ಕೆ ಧಾರಾಳ, ಇಳಿಜಾರಿನಲ್ಲಿ ಒಂದಿಷ್ಟು ವಿದ್ಯುತ್ತು ವಾಪಸೂ ಬರುತ್ತದೆ. ಆದರೆ ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲದ ಮನೆಗೆ ಇದು ಎರಡನೆಯ ಗಾಡಿಯಾಗಬಹುದೇ ಹೊರತು ಇರುವ ಒಂದೇ ಗಾಡಿಯಾಗಬಾರದು.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆ ಹೊಂದಿಸದ ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6-7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆದ್ದರಿಂದ 2023ರ ಏಪ್ರಿಲ್ ನಂತರ ತಯಾರಾದದ್ದು ಸಿಕ್ಕಿದರೆ ಮೇಲು. ಹಳೆಯದಿರಲಿ, ಹೊಸದಿರಲಿ, ಮುಂಗಡ ಕೊಡುವ ಮೊದಲು ಗಾಡಿಯನ್ನು ಮನೆಗೆ ತರಿಸಿ. ಮನೆಯವರನ್ನೆಲ್ಲ ಕೂರಿಸಿ, ಡಿಕ್ಕಿಯಲ್ಲಿ ಒಂದು ಮೂಟೆ ಹಾಕಿ, ನಿಮ್ಮದೇ ಏರಿನ ನಡುವೆ ನಿಲ್ಲಿಸಿ ಮೊದಲ ಗೇರಿನಲ್ಲಿ ಹೊರಡಿಸಿ ನೋಡಿ. ಆಮೇಲೆ ಟಾರ್ಚು ಹಿಡಿದು ಅಡಿಯಲ್ಲಿ ಎಲ್ಲಿ ತಾಗಿದೆ ಎಂಬುದನ್ನೂ ನೋಡಿ.