ಕಾಲೇಜಿನಲ್ಲಿ ಹಿಂದೆ ಬಿದ್ದವರಿಗೆ ವೈದ್ಯಶಾಲೆಯ ದಾರಿ

ಅಮೇರಿಕದಲ್ಲಿ ನೆಲಸಿರುವ ನಮ್ಮ ನಾಡಿನ ಕುಟುಂಬಗಳಿಂದ ಒಂದು ಚಿಂತೆಯ ಮಾತು ಮೇಲಿಂದ ಮೇಲೆ ಕಿವಿಗೆ ಬೀಳುವುದುಂಟು. ಮಗನೋ ಮಗಳೋ ವೈದ್ಯವೃತ್ತಿಯನ್ನೇ ಹಿಡಿಯಬೇಕೆಂದು ಮನಸ್ಸಿಟ್ಟಿರುವರು. ಆದರೆ ಕಾಲೇಜಿನ ಮೊದಲ ಎರಡು ವರ್ಷಗಳಲ್ಲಿಯೇ ಅಂಕಗಳು ಕುಸಿದುಹೋಗಿವೆ. ತಾಯಿಗೆ ನಿದ್ರೆಯಿಲ್ಲ, ತಂದೆಗೆ ಮಾತಿಲ್ಲ, ಮಕ್ಕಳಿಗೆ ಮುಖವೆತ್ತಲು ಸಂಕೋಚ. ಊರಿನಲ್ಲಿರುವ ಅಜ್ಜ ಅಜ್ಜಿಯರು ಫೋನಿನಲ್ಲಿ ‘ಡಾಕ್ಟರಾಗುವುದು ಯಾವಾಗ?’ ಎಂದು ಕೇಳಿದರೆ ಕೊಡಲು ಉತ್ತರವಿಲ್ಲ. ಇಂತಹ ಮನೆಗಳವರಿಗೆ ಉಪಯೋಗವಾದೀತೆಂದು ಈ ವಿಷಯದ ನಿಜಸ್ಥಿತಿಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ನಮ್ಮ ದೇಶದಲ್ಲಿ ಪಿ.ಯು.ಸಿ. ಮುಗಿಸಿದವರು ನೀಟ್ ಪರೀಕ್ಷೆಯ ಅಂಕದ ಮೇಲೆ ವೈದ್ಯಶಾಲೆಯನ್ನು ಸೇರುವರಷ್ಟೆ. ಅಮೇರಿಕದ ಕ್ರಮ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ಪದವಿ ಪಡೆಯಬೇಕು; ಆಮೇಲೆ ನಾಲ್ಕು ವರ್ಷ ವೈದ್ಯಶಾಲೆ; ಅದರ ಮೇಲೆ ಮೂರರಿಂದ ಏಳು ವರ್ಷ ಆಸ್ಪತ್ರೆಯ ತರಬೇತಿ. 1893ರಲ್ಲಿ ಬಾಲ್ಟಿಮೋರ್ ನಗರದಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಯು ಪದವೀಧರರನ್ನೇ ಸೇರಿಸಿಕೊಳ್ಳುವ ಕಟ್ಟಳೆಯನ್ನು ಮಾಡಿತು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅವರ ವರದಿ ಹೊರಬಂದ ಮೇಲೆ, ಕಾಲೇಜು ಓದಿದವರೇ ವೈದ್ಯಶಾಸ್ತ್ರಕ್ಕೆ ಬರಬೇಕೆಂಬ ಅಭಿಪ್ರಾಯವು ಬಲವಾಯಿತು. ಹೀಗೆ ಕಾಲೇಜಿನ ಅಂಕಪಟ್ಟಿಯೇ ಅಲ್ಲಿ ವೈದ್ಯಶಾಲೆಯ ಹೆಬ್ಬಾಗಿಲಾಗಿದೆ.

ಈ ಬಾಗಿಲು ಇಕ್ಕಟ್ಟಾದುದು. ಕಾಲೇಜಿನ ಅಂಕಗಳ ಸರಾಸರಿಯನ್ನು ಅಲ್ಲಿ 4ಕ್ಕೆ ಇಷ್ಟು ಎಂದು ಎಣಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎಂ.ಡಿ. ಪದವಿ ಕೊಡುವ ಶಾಲೆಗಳನ್ನು ಸೇರಿದವರ ಸರಾಸರಿ 3.8ರ ಆಸುಪಾಸಿನಲ್ಲಿದೆ. ಎಂಕ್ಯಾಟ್ ಎಂಬ ಪ್ರವೇಶಪರೀಕ್ಷೆಯಲ್ಲಿ ಅಂಕಗಳು 472ರಿಂದ 528ರವರೆಗೆ ಇದ್ದು, ಸೇರಿದವರ ಸರಾಸರಿ ಸುಮಾರು 512. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುವರು; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ವರ್ಷ ಸ್ಥಳ ದೊರೆಯುವುದಿಲ್ಲ.

ಹಾಗಾದರೆ 2.8 ಪಡೆದವನ ಗತಿಯೇನು? ಮುಂದೆ ಚೆನ್ನಾಗಿ ಓದಿ ಸರಾಸರಿಯನ್ನು ಏರಿಸಿಬಿಡಬಹುದೆಂದು ಹಲವರು ನಂಬಿರುತ್ತಾರೆ. ಲೆಕ್ಕ ಹಾಕಿ ನೋಡೋಣ. ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳು. ಅವೆಲ್ಲದರ ಸರಾಸರಿ 2.8 ಆಗಿದ್ದು, ಆಮೇಲೆ ಪೂರ್ತಿ ಒಂದು ವರ್ಷ 30 ಕ್ರೆಡಿಟ್‌ಗಳನ್ನು ಓದಿ ಎಲ್ಲದರಲ್ಲಿಯೂ 4ಕ್ಕೆ 4 ಪಡೆದರೂ ಒಟ್ಟು ಸರಾಸರಿ 3.04ಕ್ಕೆ ಬಂದು ನಿಲ್ಲುವುದು! ಹಿಂದೆ ಕೆಟ್ಟ ವಿಷಯವನ್ನು ಮರಳಿ ಓದಿದರೆ ಹಳೆಯ ಅಂಕ ಅಳಿಸುವುದೂ ಇಲ್ಲ, ಎಂ.ಡಿ. ಶಾಲೆಗಳ ಅರ್ಜಿಯಲ್ಲಿ ಎರಡೂ ಲೆಕ್ಕಕ್ಕೆ ಬರುವುವು.

ಆದರೂ ನಿರಾಶರಾಗಲು ಕಾರಣವಿಲ್ಲ. ಅದೇ ಅರ್ಜಿಯಲ್ಲಿ ಒಟ್ಟು ಸರಾಸರಿಯೊಂದೇ ಅಲ್ಲದೆ, ವರ್ಷವರ್ಷದ ಅಂಕವೂ ವಿಜ್ಞಾನವಿಷಯಗಳ ಅಂಕವೂ ಬೇರೆಬೇರೆಯಾಗಿ ಕಾಣಿಸುತ್ತವೆ. ಮೊದಲು 2.4, ಬಳಿಕ 2.9, ಕೊನೆಗೆ 3.9 ಎಂದು ಏರುತ್ತ ಬಂದ ಸಾಲು ಪರೀಕ್ಷಿಸುವವರ ಕಣ್ಣಿಗೆ ಬೀಳದೆ ಇರದು. ಕೆಲವು ಶಾಲೆಗಳು ಇತ್ತೀಚಿನ ಓದಿಗೆ ಹೆಚ್ಚಿನ ಬೆಲೆಯನ್ನೇ ಕೊಡುತ್ತವೆ. ಸರಾಸರಿಯು ಕದಲುವುದು ಕಷ್ಟ. ಏರಿಕೆಯನ್ನು ತೋರಿಸುವುದು ಸಾಧ್ಯ. ಈ ಒಂದು ಸಂಗತಿಯನ್ನು ಮನಗಂಡರೆ ಮುಂದಿನ ಹೆಜ್ಜೆಗಳು ತಾವಾಗಿ ಸ್ಪಷ್ಟವಾಗುವುವು.

ಮೊದಲನೆಯ ಹೆಜ್ಜೆ, ಅಂಕ ಕುಸಿದ ಕಾರಣವನ್ನು ಕಂಡುಹಿಡಿಯುವುದು. ಕಾಯಿಲೆಯೋ, ಮನೆಯ ತೊಂದರೆಯೋ, ಓದಿನೊಡನೆ ಹೊತ್ತ ಕೆಲಸದ ಭಾರವೋ, ಮೊದಲ ಸಲ ಮನೆ ಬಿಟ್ಟ ಸ್ವಾತಂತ್ರ್ಯವೋ, ಅಥವಾ ವೈದ್ಯನಾಗುವ ಆಸೆ ಮಗುವಿನದಲ್ಲದೆ ತಂದೆಯದೋ? ರೋಗದ ಮೂಲವನ್ನು ತಿಳಿಯದೆ ಮದ್ದು ಕೊಡುವ ವೈದ್ಯನನ್ನು ಯಾರೂ ಮೆಚ್ಚರು. ಕಾರಣವು ಹಾಗೆಯೇ ಉಳಿದಿರುವಾಗ ಮತ್ತಷ್ಟು ಕಠಿನ ಪಾಠಗಳಿಗೆ ಹಣ ಕಟ್ಟಿದರೆ ಕೆಟ್ಟ ಅಂಕಗಳ ಸಾಲು ಬೆಳೆಯುವುದೇ ಹೊರತು ಬೇರೆ ಫಲವಿಲ್ಲ.

ಎರಡನೆಯದು, ದುರಸ್ತಿ. ಪದವಿಯ ನಂತರ ಒಂದೆರಡು ವರ್ಷ ವಿಜ್ಞಾನವಿಷಯಗಳನ್ನು ಓದುವ ‘ಪೋಸ್ಟ್-ಬ್ಯಾಕ್’ ಎಂಬ ವ್ಯವಸ್ಥೆಯುಂಟು. ಇದಲ್ಲದೆ, ವೈದ್ಯಶಾಲೆಯ ಮಟ್ಟದ ಪಾಠಗಳಿರುವ ವಿಶೇಷ ಎಂ.ಎಸ್. ತರಗತಿಗಳೂ ಉಂಟು, ಇವುಗಳ ಅಂಕವನ್ನು ಪದವಿಯ ಅಂಕದೊಡನೆ ಕೂಡಿಸದೆ ಬೇರೆಯಾಗಿಯೇ ತೋರಿಸುತ್ತಾರೆ. ಇವು ವೆಚ್ಚದ ಮಾರ್ಗಗಳು. ಇಲ್ಲಿಯೂ ಎಡವಿದರೆ ಮತ್ತೆ ಏಳುವುದು ಬಹು ಕಷ್ಟ. ಎಂಕ್ಯಾಟ್ ಪರೀಕ್ಷೆಯನ್ನು ವರ್ಷಕ್ಕೆ ಮೂರು, ಎರಡು ವರ್ಷಗಳಲ್ಲಿ ನಾಲ್ಕು, ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಬಹುದು. ಹಿಂದಿನ ಅಂಕಗಳೂ ಶಾಲೆಯವರಿಗೆ ಕಾಣುವುವು. ಆದುದರಿಂದ ‘ಹೇಗಿದೆಯೋ ನೋಡೋಣ’ ಎಂದು ಬರೆಯತಕ್ಕ ಪರೀಕ್ಷೆ ಇದಲ್ಲ.

ಮೂರನೆಯದು, ಅರ್ಜಿ. ಬೇಸಗೆಯ ಮೊದಲಲ್ಲಿ ಹಾಕಿದ ಅರ್ಜಿಗೆ ಪ್ರವೇಶವಾಗುವುದು ಮರುವರ್ಷ. ಅನೇಕ ಶಾಲೆಗಳು ಅರ್ಜಿಗಳನ್ನು ಬಂದಬಂದಂತೆಯೇ ನೋಡುವುದರಿಂದ ತಡಮಾಡಿದವರಿಗೆ ಸ್ಥಳ ಕಡಮೆ. ಆದರೆ ಸಿದ್ಧತೆಯಿಲ್ಲದೆ ಬೇಗ ಹಾಕುವುದಕ್ಕಿಂತ ಒಂದು ವರ್ಷ ಕಾದು ಹಾಕುವುದು ಮೇಲು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆ ವರ್ಷವನ್ನು ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ಕೊಡಬಹುದು. ಅರ್ಜಿಯ ಪ್ರಬಂಧದಲ್ಲಿ ಹಳೆಯ ಸೋಲನ್ನು ಎರಡು ಮಾತಿನಲ್ಲಿ ಒಪ್ಪಿ, ಅನಂತರ ಮಾಡಿದ ಕೆಲಸವನ್ನು ಹೇಳಬೇಕು. ಅಧ್ಯಾಪಕರ ಮೇಲೆ ದೂರು ಹೊರಿಸತಕ್ಕದ್ದಲ್ಲ.

ಡಿ.ಓ. ಪದವಿ ಕೊಡುವ ಆಸ್ಟಿಯೋಪಥಿ ಶಾಲೆಗಳನ್ನೂ ಮರೆಯಬಾರದು. ಇವುಗಳಲ್ಲಿ ಮೊದಲನೆಯದನ್ನು 1892ರಲ್ಲಿ ಆಂಡ್ರೂ ಟೇಲರ್ ಸ್ಟಿಲ್ ಎಂಬವರು ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ಲಿನಲ್ಲಿ ಸ್ಥಾಪಿಸಿದರು. ಅಲ್ಲಿ ಓದಿದವರಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಪೂರ್ಣ ವೈದ್ಯಾಧಿಕಾರವಿದೆ. ಸೇರುವವರ ಸರಾಸರಿ ಅಂಕವೂ ಕೊಂಚ ಕೆಳಗೆ. ಕೆರಿಬಿಯನ್ ದ್ವೀಪಗಳ ಕೆಲವು ಶಾಲೆಗಳು ಕಡಮೆ ಅಂಕದವರನ್ನೂ ಕರೆಯುತ್ತವೆ. ಆದರೆ ಸೇರಿದವರಲ್ಲಿ ಎಷ್ಟು ಮಂದಿ ಓದು ಮುಗಿಸಿದರು, ಎಷ್ಟು ಮಂದಿಗೆ ಅಮೇರಿಕದ ಆಸ್ಪತ್ರೆಗಳಲ್ಲಿ ತರಬೇತಿ ದೊರೆಯಿತು ಎಂಬುದನ್ನು ವಿಚಾರಿಸದೆ ಸಾಲ ಮಾಡಿ ಹಣ ಕಟ್ಟಬಾರದು.

ಕರ್ನಾಟಕದಲ್ಲಿಯೇ ಬಿ.ಎಸ್‌ಸಿ. ಓದಿದವರಿಗೆ ಒಂದು ಮಾತು. ಅಮೇರಿಕದ ಬಹುಪಾಲು ವೈದ್ಯಶಾಲೆಗಳು ಅಲ್ಲಿಯೇ ಓದಿದ ಪಾಠಗಳನ್ನು ಕೇಳುತ್ತವೆ; ಪರದೇಶದವರನ್ನು ತೆಗೆದುಕೊಳ್ಳುವುವು ಕೆಲವೇ. ಆದರೆ ಇಲ್ಲಿ ನೀಟ್ ಪರೀಕ್ಷೆಗೆ ಬಿ.ಎಸ್‌ಸಿ.ಯ ಅಂಕ ಅಡ್ಡಬರುವುದಿಲ್ಲ, ಪಿ.ಯು.ಸಿ.ಯ ಅರ್ಹತೆಯೊಂದಿದ್ದರೆ ಸಾಕು. ವಯಸ್ಸಿನ ಮೇಲಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಗಿದೆ.

ಕೊನೆಯದಾಗಿ ತಾಯ್ತಂದೆಗಳಿಗೆ ನಮ್ಮ ಬಿನ್ನಹ. ನೆರೆಮನೆಯ ಮಕ್ಕಳ ಹೋಲಿಕೆಯನ್ನು ಎತ್ತದಿರಿ. ಎಷ್ಟು ವರ್ಷ, ಎಷ್ಟು ಹಣ ಕೊಡಲು ಮನೆಗೆ ಶಕ್ತಿಯಿದೆ ಎಂಬುದನ್ನು ಮಕ್ಕಳೊಡನೆ ಕುಳಿತು ಬಿಚ್ಚಿ ಮಾತನಾಡಿರಿ. ಅಂಕ ಏರದೆ ಹೋದರೆ ಶುಶ್ರೂಷೆ, ಔಷಧಶಾಸ್ತ್ರ, ಸಾರ್ವಜನಿಕ ಆರೋಗ್ಯ ಮೊದಲಾದ ಮಾರ್ಗಗಳೂ ರೋಗಿಯ ಹಾಸಿಗೆಯ ಬಳಿಗೇ ಕರೆದೊಯ್ಯುವುವೆಂದು ಹೇಳಿರಿ. ಅಂಕ ಏರುತ್ತಿದ್ದರೆ ಮಾತ್ರ ಒಂದು ವರ್ಷ ಹೆಚ್ಚು ಹಿಡಿಯಿತೆಂದು ಬೇಸರಪಡಬೇಡಿರಿ. ಅಜ್ಜ ಅಜ್ಜಿಯರಿಗೂ ಇದ್ದ ಸಂಗತಿಯನ್ನು ಇದ್ದಂತೆ ತಿಳಿಸಿರಿ. ಅವರು ನಾವೆಣಿಸಿದುದಕ್ಕಿಂತ ಹೆಚ್ಚು ತಾಳ್ಮೆಯುಳ್ಳವರು.