ಜೋಳದ ಹೊಲವೂ ಮನೆಯ ಒಲೆಯೂ

ಆಹಾರ ಭದ್ರತೆಯೆಂದೊಡನೆ ನಾವು ಸರಕಾರದ ಉಗ್ರಾಣಗಳನ್ನು ನೆನೆಯುತ್ತೇವೆ. ಆದರೆ ಅದರ ಬೇರು ಇರುವುದು ಹೊಲದ ಮಣ್ಣಿನಲ್ಲಿ. ವಿಜಯಪುರ ಜಿಲ್ಲೆಯ ಡೋಣಿ ನದಿಯ ಬಯಲು ಇದಕ್ಕೆ ನಿದರ್ಶನ. ಅಲ್ಲಿಯ ಎರೆಭೂಮಿಯು ಮಳೆನೀರನ್ನು ತನ್ನೊಡಲಿನಲ್ಲಿ ಹಿಡಿದಿಡುತ್ತದೆ. ಆ ಹಸಿಯ ಬಲದಿಂದಲೇ ಹಿಂಗಾರಿಯ ಬಿಳಿಜೋಳ ಚಳಿಗಾಲದಲ್ಲಿ ಬೆಳೆಯುತ್ತದೆ. ನಡುವೆ ಕಡಲೆ, ಕುಸುಬೆಗಳನ್ನು ಅಕ್ಕಡಿಯಾಗಿ ಬಿತ್ತಿದರೆ, ಒಂದು ಬೆಳೆ ಕೈಕೊಟ್ಟಾಗ ಇನ್ನೊಂದು ಮನೆಯನ್ನು ಕಾಯುತ್ತದೆ. ಕಡಲೆಯ ಬೇರು ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ.

ಜೋಳದ ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ, ದನದ ಸಗಣಿ ಮರಳಿ ಹೊಲಕ್ಕೆ. ಈ ಸುತ್ತು ಹರಿದರೆ ಮೂರೂ ಬಡವಾಗುತ್ತವೆ. ಇಂದು ಆಗುತ್ತಿರುವುದು ಅದೇ. ಕೂಲಿ ಹೆಚ್ಚಿ, ಬೆಲೆ ಸಾಲದೆ, ರೈತನು ಜೋಳದ ಹೊಲವನ್ನು ಕಬ್ಬಿಗೆ, ತೊಗರಿಗೆ ಬಿಡುತ್ತಿದ್ದಾನೆ. ಅವನ ಲೆಕ್ಕವನ್ನು ತಪ್ಪೆನ್ನಲಾರೆವು. ಜೋಳ ಕೀಳುವುದು ಮೈಮುರಿಯುವ ಕೆಲಸ.

2013ರ ಆಹಾರ ಭದ್ರತಾ ಕಾಯಿದೆಯು ಅರ್ಹ ಬಡ ಕುಟುಂಬಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕನ್ನಿತ್ತಿತು. ಅಕ್ಕಿ, ಗೋದಿಗಳೊಡನೆ ಜೋಳ, ರಾಗಿಯಂಥ ಧಾನ್ಯಗಳಿಗೂ ಅದರಲ್ಲಿ ಎಡೆಯುಂಟು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆದರೂ ನಮ್ಮ ಒಲೆಯ ಮೇಲೆ ರೊಟ್ಟಿ ಬೇಯದಿದ್ದರೆ ಹೊಲದಲ್ಲಿ ಜೋಳ ಉಳಿಯದು.

ಆದುದರಿಂದ ಗೃಹಸ್ಥ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ವರ್ಷಕ್ಕೆ ಬೇಕಾದ ಜೋಳವನ್ನು ಸುಗ್ಗಿಯಲ್ಲಿಯೇ ರೈತನಿಂದ ನೇರವಾಗಿ, ಅವನಿಗೆ ಗಿಟ್ಟುವ ಬೆಲೆಗೆ ಕೊಳ್ಳಿರಿ. ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ ರೊಟ್ಟಿಗೆ ಮೊದಲ ಸ್ಥಾನ ಕೊಡಿರಿ. ಮಠಗಳ ದಾಸೋಹಕ್ಕೂ ಈ ಮಾತು ಸಲ್ಲುತ್ತದೆ. ಕೊಳ್ಳುವವರಿದ್ದರೆ ಬಿತ್ತುವವರೂ ಇರುತ್ತಾರೆ.